ಮೂರು ಕಚ್ಚಿನ ಪಟ್ಟಿ

ಮಾರ್ಚ್ 4, ಮಂಗಳವಾರ
ಔಷಧ ಕೊಠಡಿ ಮುಗಿಯಿತು. ಕಿಟಕಿ ಎಷ್ಟು, ಕಪಾಟು ಎಷ್ಟು - ಎಲ್ಲ ಬರೆದುಕೊಂಡೆ. ಹಳೇ ಆಸ್ಪತ್ರೆ ಮುಂದಿನ ತಿಂಗಳು ಗ್ರಂಥಾಲಯವಾಗುತ್ತದೆ. ಅದರ ಚರಿತ್ರೆಯ ಪುಸ್ತಿಕೆ ನನ್ನ ತಲೆಗೆ ಬಿದ್ದಿದೆ. ಸಮಿತಿ ಕಾರ್ಯದರ್ಶಿ: "ಸಾಹಿತ್ಯ ಓದಿದೋಳಲ್ವಾ, ಗೋಡೆಗೂ ಕಣ್ಣೀರು ಬರೋ ಹಾಗೆ ಬರಿ. ಆದ್ರೆ ಹದಿನಾರೇ ಪುಟ!" ನಕ್ಕೆ. ತಕ್ಕ ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ. ಯಾವಾಗಲೂ ಹೀಗೇ.

ಅಪ್ಪ ಇಪ್ಪತ್ತೆಂಟು ವರ್ಷ ಅದೇ ಕೊಠಡಿಯಲ್ಲಿ ಕಾಂಪೌಂಡರ್. ಮಿಕ್ಸ್ಚರ್ ಬಾಟಲಿಗೆ ಗುರುತು ಹಾಕುವ ಬಗೆ ತೋರಿಸಿದರು. ಕಾಗದದ ಪಟ್ಟಿ ಮಡಚಿ, ಅಂಚಿನಲ್ಲಿ ಕಚ್ಚು ಕತ್ತರಿಸಿ, ಬಾಟಲಿಗೆ ಅಂಟಿಸುವುದು. ಒಂದು ಕಚ್ಚಿನಷ್ಟು ಒಂದು ಹೊತ್ತಿಗೆ. ಮೂರು ಕಚ್ಚಿನ ಪಟ್ಟಿ, ಆರು ಕಚ್ಚಿನ ಪಟ್ಟಿ ಮೊದಲೇ ಕತ್ತರಿಸಿಟ್ಟಿರುತ್ತಿದ್ದರಂತೆ. "ಓದು ಬರದೋರಿಗೂ ತಿಳೀತಿತ್ತು ಪುಟ್ಟಿ. ನಿನ್ನ ಸಾಹಿತ್ಯದ ಹಾಗಲ್ಲ."

ಮಾರ್ಚ್ 6
ಸಿಸ್ಟರಮ್ಮನ ಮನೆ. ಮಕ್ಕಳ ವಾರ್ಡಿನ ನರ್ಸ್ ಆಗಿದ್ದವರು. ನಾನು ಹುಟ್ಟುವ ಮೊದಲೇ ಅವರನ್ನು ಕೆಲಸದಿಂದ ತೆಗೆದಿದ್ದರು - ನಾಲ್ಕು ವರ್ಷದ ಮಗುವಿಗೆ ಎರಡು ಪಟ್ಟು ಔಷಧ ಕುಡಿಸಿ ಕೊಂದಳೆಂದು. ಈಗ ಹಾಸಿಗೆ ಹಿಡಿದಿದ್ದಾರೆ. ಮಾತಿಗೊಮ್ಮೆ ಉಸಿರು ಕಟ್ಟುತ್ತದೆ.

"ಮೂರೇ ಕಚ್ಚಿತ್ತು ಕಣಮ್ಮ. ಒಂದು ಕಚ್ಚಷ್ಟೇ ಕುಡಿಸ್ದೆ. ಮಗು ಹೋದ್ಮೇಲೆ ಬಾಟಲಿ ಔಷಧದ ರೂಮಿಗೆ ವಾಪಸ್ ಹೋಯ್ತು. ವಿಚಾರಣೆಗೆ ತಂದಾಗ ನೋಡ್ತೀನಿ - ಆರು ಕಚ್ಚು! ಕಾಂಪೌಂಡರೂ ಆರು ಅಂದ್ರು. ಅಳ್ತಾ ಅಂದ್ರು. ಅವ್ರು ಸುಳ್ಳು ಹೇಳೋರಲ್ಲ. ಆಮೇಲೆ ನನ್ನ ಕಣ್ಣಿನ ಮೇಲೇ ನಂಗೆ ಅನುಮಾನ."

ಕೈ ಹಿಡಿದರು. "ಒಂದೇ ಸಾಲು ಹಾಕು. ನಾನು ಕೊಲ್ಲಲಿಲ್ಲ ಅಂತ. ಓದಿ ಸಾಯ್ತೀನಿ."

ಹೂಂ ಅಂದೆ. ಯಾರ ಮಗಳೆಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಾರ್ಚ್ 7
ಅಪ್ಪನಿಗೆ ಹೇಳಿದೆ. ಅರ್ಧ ಊಟದಲ್ಲೇ ತಟ್ಟೆಯಲ್ಲಿ ಕೈ ತೊಳೆದರು.

"ಜ್ವರದ ಕಾಲ. ಸಾಲು ಗೇಟಿನ ತನಕ. ಆರು ಹೊತ್ತಿನ ಔಷಧಕ್ಕೆ ಮೂರರ ಪಟ್ಟಿ ಅಂಟಿಸ್ಬಿಟ್ಟೆ. ಒಂದು ಕಚ್ಚಿಗೆ ಎರಡು ಪಟ್ಟಾಯ್ತು."

ಆಮೇಲೆ?

"ಬಿಸಿನೀರಲ್ಲಿ ನೆನೆಸಿ ಕಿತ್ತೆ. ಆರರದು ಅಂಟಿಸ್ದೆ." ತಟ್ಟೆ ಪಕ್ಕಕ್ಕೆ ಸರಿಸಿ, "ನಿಮ್ಮಮ್ಮನಿಗೆ ಆಗ ಏಳು ತಿಂಗಳು."

ಆ ಏಳು ತಿಂಗಳು ನಾನು.

ಅಮ್ಮನಿಗೆ ಗೊತ್ತಿತ್ತೇ? ಕೇಳೋಣವೆಂದರೆ ಅಮ್ಮ ಇಲ್ಲ.

ಮಾರ್ಚ್ 12
ಐದು ದಿನ ಪೆನ್ನು ಮುಟ್ಟಲಿಲ್ಲ. ಅಪ್ಪ ಪಾತ್ರೆ ತೊಳೆಯುತ್ತಾರೆ. ನನ್ನ ಬಟ್ಟೆ ಮಡಚಿಡುತ್ತಾರೆ... ನೋಡಲಾಗುವುದಿಲ್ಲ. ಇವತ್ತು ಬಾಗಿಲಲ್ಲಿ ನಿಂತು, "ನಾನು ಹೋದ್ಮೇಲೆ ಬರ್ಕೋ ಪುಟ್ಟಿ. ಇನ್ನೆಷ್ಟು ದಿನ ಇರ್ತೀನಿ?"

ಸಿಸ್ಟರಮ್ಮ ಅಷ್ಟು ದಿನ ಇರುವುದಿಲ್ಲ.

ಮಾರ್ಚ್ 14, ಬೆಳಿಗ್ಗೆ 11
ಪುಸ್ತಿಕೆಯ ಕೊನೆಯ ಪುಟಕ್ಕೆ ಸಾಲು ಸೇರಿಸಿ ಸಮಿತಿಗೆ ಕೊಟ್ಟಿದ್ದೆ: ಆ ಮಗುವಿನ ಸಾವಿಗೆ ನರ್ಸ್ ಕಾರಣರಲ್ಲ. ಒಂದು ಗಂಟೆ ಮೈ ಹಗುರಾಗಿತ್ತು. ಕಾರ್ಯದರ್ಶಿಯ ಫೋನ್: "ಏನಮ್ಮಾ ಇದು? ಅವ್ರಲ್ಲ ಅಂದ್ರೆ ಮತ್ಯಾರು? ಅದನ್ನ ಬರಿ, ಇಲ್ಲ ಸಾಲು ತೆಗಿ. ಹನ್ನೆರಡಕ್ಕೆ ಪ್ರೆಸ್ಸಿಗೆ ಹೋಗುತ್ತೆ."

11.40
ತೆಗೆದೆ. ಮತ್ತೆ ಹಾಕಿದೆ. ಅಪ್ಪ ಪಕ್ಕದ ಕೋಣೆಯಲ್ಲಿ. ಕೆಮ್ಮುವುದನ್ನೂ ನಿಲ್ಲಿಸಿದ್ದಾರೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಕೈ ಬರುತ್ತದೋ ಇಲ್ಲವೋ -

ತಪ್ಪು ಪಟ್ಟಿ ಅಂಟಿಸಿ, ಮಗು ಸತ್ತ ಮೇಲೆ ಅದನ್ನು ಬದಲಿಸಿದವರು ಆಗಿನ ಕಾಂಪೌಂಡರ್. ಅವರು ನನ್ನ -