ನಡುವೆ ಖಾಲಿ ಬಿಟ್ಟ ಚಾಪೆ

ಬಾಸೇಯ್, ಸಾಮಾರ್ ದ್ವೀಪ
ಆಗಸ್ಟ್ 19, ಮಂಗಳವಾರ

ನನ್ನ ಲುಜ್ವಿಗೆ,

‘ನನ್ನ’ ಅಂತ ಬರೆದದ್ದಕ್ಕೆ ಸಿಟ್ಟು ಬಂದರೆ ಅದೊಂದನ್ನು ಗೀಚಿಹಾಕಿ ಮುಂದೆ ಓದು. ನನ್ನ ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಹತ್ತನೇ ಕ್ಲಾಸ್ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ವ್ಯಾನ್ ಓಡಿಸುವ ಟಿನೋಯ್ ಅಣ್ಣ ದಿನವೂ ಸೇತುವೆ ದಾಟಿ ನಿಮ್ಮ ತಕ್ಲೋಬಾನಿಗೆ ಬರುತ್ತಾನಲ್ಲ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಮನಿಲಾದಿಂದ ವಾಪಸ್ ಬಂದು ಮೂರು ತಿಂಗಳಾಯಿತು. ಈಗ ಲಾರಿ ಓಡಿಸುತ್ತೇನೆ. ನಿನ್ನನ್ನು ನೋಡಲು ಬರೋಣವೆಂದರೆ ಸೇತುವೆಯ ಸಂಗತಿ ನಿನಗೇ ಗೊತ್ತು. ರಿಪೇರಿ ಆಗುವವರೆಗೆ ಮೂರು ಟನ್ನಿಗಿಂತ ಭಾರದ ಗಾಡಿ ಹತ್ತುವ ಹಾಗಿಲ್ಲ. ನನ್ನ ಲಾರಿ ಖಾಲಿ ಇದ್ದರೂ ಐದು ಟನ್. ಕೊಬ್ಬರಿ ಮೂಟೆಗಳನ್ನು ಈ ದಡದಲ್ಲೇ ಇಳಿಸಿ ಹಿಂದಿರುಗುತ್ತೇನೆ. ಬಸ್ಸಿನಲ್ಲಿ ಬಂದವರೂ ಇಲ್ಲೇ ಇಳಿದು ವ್ಯಾನ್ ಹತ್ತಬೇಕು. ನಿನ್ನೆ ಮೀನು ಮಾರುವ ಪಾಸಿಂಗ್ ಅಕ್ಕ ಬುಟ್ಟಿ ಸಮೇತ ಹತ್ತಲು ಹೋದಾಗ ಟಿನೋಯ್ ಅಣ್ಣ, “ಅಕ್ಕಾ, ನೀನೊಬ್ಳು ಕೂತ್ರೆ ಸಾಕು, ಮೂರು ಟನ್ ಆಯ್ತು” ಅಂದ. ಅವಳು ಬಿಡುತ್ತಾಳೆಯೇ? “ಮೊದ್ಲು ನಿನ್ ನಾಲ್ಗೆ ಇಳ್ಸಿ ತೂಗ್ಸೋ!” ಅಂದಳು. ಎಲ್ಲರೂ ನಕ್ಕರು. ನಾನು ಆಚೆ ದಡ ನೋಡುತ್ತಾ ನಿಂತಿದ್ದೆ.

ಮದುವೆಯ ದಿನ ಸೇತುವೆಯ ನಡುವೆ, ಸಾಮಾರ್ ಮುಗಿದು ನಿಮ್ಮ ಲೇಯ್ತೆ ದ್ವೀಪ ಶುರುವಾಗುವ ಕಡೆ ಬೈಕ್ ನಿಲ್ಲಿಸಿದ್ದು ನೆನಪಿದೆಯೇ? ನೀನು ಆ ಕಡೆಗೊಂದು ಕಾಲು, ಈ ಕಡೆಗೊಂದು ಕಾಲು ಇಟ್ಟು, “ಈಗ್ ಹೇಳು, ನಾನು ಯಾವ್ ಮನೆಯೋಳು?” ಅಂತ ಕೇಳಿದೆ. ನಾನು ಬರೀ ಹಾರ್ನ್ ಹೊಡೆದೆ. ಎಲ್ಲದಕ್ಕೂ ಹಾಗೇ ಮಾಡಿದೆ. ನೀನು ಏಳು ತಿಂಗಳ ಬಸುರಿಯಾಗಿದ್ದಾಗ ಹದಿನೈದು ದಿನವೆಂದು ಹೇಳಿ ಮನಿಲಾಕ್ಕೆ ಹೋದೆ. ಮೂರು ಕೆಲಸ ಹಿಡಿದೆ, ಮೂರನ್ನೂ ಬಿಟ್ಟೆ. ಬರಿಗೈಯಲ್ಲಿ ಹೇಗೆ ಬರಲಿ ಅಂತ ಐದು ತಿಂಗಳು ಕಳೆದೆ. ಮಗಳು ಹುಟ್ಟಿದ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿದೆ.

ಅಮ್ಮ ಮೊಮ್ಮಗಳಿಗೆ ಚಾಪೆ ನೇಯುತ್ತಿದ್ದಾಳೆ. ಬಿಸಿಲಿಗೆ ಚಾಪೆಯ ಹುಲ್ಲು ಒಣಗಿ ಮುರಿಯುತ್ತದೆಂದು ಬೆಳಿಗ್ಗೆಯೇ ಗುಹೆಗೆ ಹೋಗಿ ನೇಯುವ ಉಳಿದ ಹೆಂಗಸರ ಜೊತೆ ತಂಪಲ್ಲಿ ಕೂರುತ್ತಾಳೆ. ಅಂಚು ಕೆಂಪು, ಒಳಗೆ ಹಸಿರು. ನಮ್ಮ ಮದುವೆ ಚಾಪೆಯಲ್ಲಿ ನಮ್ಮಿಬ್ಬರ ಹೆಸರು ಹಾಕಿದ್ದಳಲ್ಲ, ಹಾಗೇ ಇದರಲ್ಲೂ ಹೆಸರು ಬರಬೇಕು. ನಡುವೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದಾಳೆ. “ನಿನ್ ಮಗಳ ಹೆಸ್ರೇನೋ?” ಅಂತ ಎಲ್ಲರೆದುರು ಕೇಳಿದಳು. ಗೊತ್ತಿಲ್ಲ ಅಂದೆ. “ಹೆಸ್ರು ಗೊತ್ತಿಲ್ದಿದ್ರೆ ಹೋಗ್ಲಿ, ಎಷ್ಟ್ ಅಕ್ಷರ ಅಂತಾದ್ರೂ ಕೇಳ್ಕೊಂಡ್ ಬಾರಪ್ಪಾ ಗಂಡ್ಸೇ” ಅಂದಳು ಪಕ್ಕದಲ್ಲಿದ್ದವಳು. ಟಿನೋಯ್ ಅಣ್ಣನನ್ನು ಕೇಳಿದರೆ, “ನಿನ್ ಮಗಳ ಹೆಸ್ರನ್ನ ನನ್ನ ಕೇಳ್ತೀಯಲ್ಲೋ!” ಅಂತ ಬೈದ.

ಮುಂದಿನ ತಿಂಗಳು ಅವಳ ಜ್ಞಾನಸ್ನಾನವಂತೆ. ಚರ್ಚಿನಿಂದ ಬಂದ ಮೇಲೆ ಅವಳನ್ನು ಈ ಚಾಪೆಯ ಮೇಲೆ ಮಲಗಿಸಬೇಕೆಂದು ಅಮ್ಮನ ಆಸೆ. ನನ್ನದೂ. ನನ್ನನ್ನು ಕರೆಯುವುದು, ಬಿಡುವುದು ನಿನಗೆ ಬಿಟ್ಟದ್ದು. ಹೆಸರನ್ನು ಮಾತ್ರ ಈ ಕಾಗದದ ಹಿಂದೆ ಬರೆದು ಟಿನೋಯ್ ಅಣ್ಣನಿಗೆ ಕೊಡು.

ಸೇತುವೆ ರಿಪೇರಿ ಆಗಲಿ, ಬರುತ್ತೇನೆ.

ನಿನ್ನ (ಇದನ್ನೂ ಗೀಚಬಹುದು),
ಎಡ್ಮಾರ್

ಇನ್ನೊಂದು ಮಾತು: ಲಾರಿ ಐದು ಟನ್ನಾದರೂ ನಾನು ಅರವತ್ತೇ ಕೆಜಿ. ಸೇತುವೆ ನನ್ನನ್ನು ತಡೆದಿಲ್ಲ. ಮೊನ್ನೆ ಭಾನುವಾರ ವ್ಯಾನಿನಲ್ಲಿ ಬಂದಿದ್ದೆ. ನಿಮ್ಮ ಮನೆಯೆದುರು ಬ್ರೆಡ್ ಅಂಗಡಿಯಲ್ಲಿ ಒಂದು ಗಂಟೆ ನಿಂತೆ. ನೀನು ಮಗಳನ್ನು ಭುಜಕ್ಕೆ ಹಾಕಿಕೊಂಡು ಬಟ್ಟೆ ಒಣಗಿಸಲು ಬಂದೆ, ಎರಡು ಸಲ ಅವಳ ಹೆಸರು ಹಿಡಿದು ಕರೆದೆ. ಆ ರಸ್ತೆ ದಾಟಲು ನನಗೆ ಧೈರ್ಯ ಬರಲಿಲ್ಲ. ಹೆಸರು ನನಗೆ ಗೊತ್ತು, ಲುಜ್ವಿ. ಅಮ್ಮನಿಗೆ ಹೇಳಿಲ್ಲ. ಕದ್ದು ಕೇಳಿದ್ದನ್ನು ಚಾಪೆಗೆ ಹಾಕಿಸಲಾರೆ. ನೀನೇ ಬರೆದು ಕೊಡು.