ಸೇತುವೆ ನೋಡಿ ಬಂದ ಮೇಲೆ

ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ,

ಚೆನ್ನಾಗಿದ್ದೀಯಾ? ಮನೆ ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಇಷ್ಟು ದಿನ ಸುಮ್ಮನಿದ್ದೆ. ಬೇಜಾರು ಮಾಡಿಕೊಳ್ಳಬೇಡ. ಹೊಟ್ಟೆ ಉರಿಯುತ್ತಿತ್ತು ಕಣೇ. ತಿಂದದ್ದು ಹೆಚ್ಚಾಗಿ ಅಂತೂ ಅಲ್ಲ.

ಇಲ್ಲಿ ನೀರಿನ ಟ್ಯಾಂಕಿನ ಉಕ್ಕಿನ ಕಾಲುಗಳಿಗೆ ಬಣ್ಣ ಬಳಿಯುವ ಕೆಲಸ ನಡೆದಿದೆ. ನಿನ್ನ ಚಿಕ್ಕಮ್ಮನೂ ನನ್ನ ಗುಂಪಿನಲ್ಲೇ ಇದ್ದಾಳೆ. ಕೈಗಿಂತ ಬಾಯಿ ಚುರುಕು.

ಅಂದು ನಾನು ನಿನ್ನ ಕೆಲಸದ ಜಾಗಕ್ಕೆ ಬಂದದ್ದು ನಿನ್ನನ್ನು ಒಂದು ಮಾತು ಕೇಳಲಿಕ್ಕೆ. ನನ್ನ ಭುಜ ಸೋತಿದೆ, ಇನ್ನು ಈ ಗುಂಪನ್ನು ನೀನು ನೋಡಿಕೋ, ಮನೆಗೆ ಬಾ ಎಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಬಂದು ನೋಡಿದರೆ ನೀನು ಸೇತುವೆಯ ಅಡಿಯ ಅಟ್ಟಣಿಗೆಯಲ್ಲಿ, ನಿನ್ನ ಮೇಸ್ತ್ರಿಯ ಪಕ್ಕ. ಧೂಳು ಹಿಡಿದ ನಿನ್ನ ಕನ್ನಡಕವನ್ನು ಆಕೆ ತನ್ನ ಅಂಗಿಯ ತುದಿಯಿಂದ ಒರೆಸಿ ಕೊಡುತ್ತಿದ್ದಳು.

ನನ್ನನ್ನು ಕಂಡು ಓಡಿ ಬಂದೆ, ನಿಜ. ಬಂದವಳೇ ಶುರು ಮಾಡಿದ್ದೇನು? "ನಾವು ಹಳೇ ತುಕ್ಕಿನ ಮೇಲೇ ಬಣ್ಣ ಹೊಡೀತಿದ್ವಲ್ಲ, ಅದು ಒಳಗೊಳಗೇ ತಿನ್ಕೊಂಡು ಹೋಗುತ್ತಂತೆ. ಉಕ್ಕು ಹೊಳೆಯೋವರೆಗೂ ಉಜ್ಜಬೇಕು, ತೊಳೀಬೇಕು, ಒಣಗಿದ ತಕ್ಷಣ ಪ್ರೈಮರ್ ಹಚ್ಚಬೇಕು ಅಂತಾರೆ ಇವರು. ಬೋಲ್ಟಿಗೆ, ಅಂಚಿಗೆ ಮೊದಲು ಬ್ರಷ್ಷಲ್ಲೇ ಒಂದು ಕೋಟು ಅಂತಾರೆ." ಬಾಯಿ ಬಿಟ್ಟರೆ 'ಇವರು ಅಂತಾರೆ'! ನಿನಗೆ ವೈರ್ ಬ್ರಷ್ ಹಿಡಿಯಲು ಕಲಿಸಿದವಳು ಯಾರು, ಪಕ್ಕದ ಮನೆಯವಳಾ?

ನೀನು ಕೈ ತೊಳೆಯಲು ಹೋದಾಗ ನಾನು ತಪ್ಪು ಹುಡುಕಲು ಹೊರಟೆ. ತೊಲೆಗೆ ತೊಲೆ ಸೇರುವ ಸಂದಿ, ನೀರು ನಿಲ್ಲುವ ಮೂಲೆ, ಸೋಮಾರಿಗಳು ಬಿಟ್ಟುಬಿಡುವ ಬೋಲ್ಟಿನ ಹಿಂಬದಿ, ಎಲ್ಲ ಕಡೆ ಬೆರಳಾಡಿಸಿದೆ. ಒಂದು ಚೂರು ತುಕ್ಕು ಸಿಕ್ಕಿದ್ದರೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಸಿಗಲಿಲ್ಲ.

ಹಿಂದಿನಿಂದ ನಿನ್ನ ಮೇಸ್ತ್ರಿ, "ಏನ್ ಹುಡುಕ್ತಿದೀರಿ?" ಎಂದಳು.

"ಅಂಗಿ ಗುಂಡಿ ಬಿದ್ದೋಯ್ತು," ಎಂದೆ.

ಪುಣ್ಯಾತ್ಗಿತ್ತಿ, ಟಾರ್ಚು ಹಿಡಿದು ಮಂಡಿಯೂರಿ ಹುಡುಕತೊಡಗಿದಳು! ಸಿಗದೆ, ತನ್ನ ಚೀಲದಿಂದ ಒಂದು ಗುಂಡಿ ತೆಗೆದು ನನ್ನ ಕೈಗಿಟ್ಟಳು. ಅವಳು ಕೆಟ್ಟವಳಾಗಿದ್ದರೆ ನನಗೆಷ್ಟು ನೆಮ್ಮದಿ ಇರುತ್ತಿತ್ತು.

ಟೀ ಕುಡಿಯುವಾಗ ನೀನೇ ಹೇಳಿಬಿಟ್ಟೆ, "ಮುಂದಿನ ಸೇತುವೆಗೂ ಇವರ ಜೊತೇನೇ ಹೋಗ್ತೀನಿ." ಕೇಳಬೇಕೆಂದಿದ್ದ ಮಾತನ್ನು ಟೀ ಜೊತೆಗೆ ನುಂಗಿಕೊಂಡೆ.

ಮನೆ ಮುಟ್ಟಿದ ಮರುದಿನ ಸಿಟ್ಟಿನಲ್ಲೇ ಟ್ಯಾಂಕಿನ ಕಾಲೊಂದರ ಹೊಸ ಬಣ್ಣ ಕೆರೆದೆ. ನೋಡೋಣ, ಆಕೆ ಹೇಳಿದ್ದು ಸುಳ್ಳಾಗಲಿ ಎಂದು. ಅಡಿಯಿಂದ ತುಕ್ಕು ಪದರ ಪದರವಾಗಿ ಎದ್ದುಬಂತು. ಈಗ ಎಲ್ಲ ಕಾಲುಗಳನ್ನೂ ಉಜ್ಜಿ, ತೊಳೆದು, ಮೊದಲಿನಿಂದ ಶುರು ಮಾಡಿದ್ದೇವೆ.

"ಯಾರೇ ಹೇಳ್ಕೊಟ್ಟಿದ್ದು ಇದನ್ನ?" ಎಂದು ಚಿಕ್ಕಮ್ಮ ಕೇಳಿದಳು.

"ನನ್ನ ಮಗಳು," ಎಂದೆ. ಆ ಇನ್ನೊಬ್ಬಳ ಮಾತೆತ್ತಲು ನಾಲಿಗೆ ಹೊರಳಲಿಲ್ಲ. ಹೊರಳುವುದೂ ಇಲ್ಲ, ಬೈದುಕೋ ಬೇಕಾದರೆ.

ಬೆಲ್ಟ್ ಕಟ್ಟದೆ ಮೇಲೆ ಹತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಮುಟ್ಟಿದ ಕೆಲಸ ನೂರು ಕಾಲ ಬಾಳಲಿ, ನೀನೂ ಬಾಳು.

ನಿನ್ನ
ಅಮ್ಮ

ಇನ್ನೊಂದು ಮಾತು ಉಳಿಯಿತು. ಅಂದು ನಾನು ಹೊರಟು ನಿಂತಾಗ ನೀನು ಅಟ್ಟಣಿಗೆಯ ಮೇಲಿಂದ "ಅಮ್ಮಾ" ಎಂದು ಕೂಗಿದೆ. ನಾನು ಚೀಲ ಕೆಳಗಿಟ್ಟು "ಏನೇ?" ಎಂದೆ. "ನಿನ್ನನ್ನಲ್ಲ, ಇವರನ್ನ ಕರೆದಿದ್ದು," ಎಂದು ನೀನು ಮೇಸ್ತ್ರಿಯ ಕಡೆ ಕೈ ತೋರಿಸಿ ನಕ್ಕೆ. ನಾನೂ ನಕ್ಕೆ.