ನಕ್ಷೆಯಲ್ಲಿ ನಿಂತ ಪಂಕಜಾಕ್ಷಿ ಕಾಕೂ

ಸದಾಶಿವ ಪೇಠ, ಪುಣೆ
೧೪ ಜೂನ್ ೨೦೨೫

ಪ್ರೀತಿಯ ಪಂಕಜಾಕ್ಷಿ ಕಾಕೂಗೆ, ನಿಮ್ಮ ಶೈಲೂ ಮಾಡುವ ನಮಸ್ಕಾರಗಳು.

ಉಡುಪಿಯ ತಮ್ಮನ ಮನೆಯಲ್ಲಿ ನಿಮಗೆ ಹೊಂದಿಕೆಯಾಗಿದೆ ಎಂದು ಸಂಕಪ್ಪ ಮಾವ ಹೇಳಿದರು. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೇಕಾದಷ್ಟು ಬೈದುಕೊಳ್ಳಿ, ಆದರೆ ಪೂರ್ತಿ ಓದಿ. ಫೋನ್ ಮಾಡಿದರೆ ‘ಊಟ ಆಯ್ತಾ’ ಎಂದು ಕೇಳಿ ಇಬ್ಬರೂ ಇಟ್ಟುಬಿಡುತ್ತೇವೆ, ಅದಕ್ಕೇ ಈ ಕಾಗದ. ಬರುವ ಶ್ರಾವಣಕ್ಕೆ ನಿಮ್ಮ ಮಗಳು, ನನ್ನ ಗೆಳತಿ ಅಪೇಕ್ಷಾ ಹೋಗಿ ವರ್ಷವಾಗುತ್ತದೆ. ಡೆಂಗ್ಯೂ ಅಂದರೆ ಏನು ಮಹಾ, ವಾರದಲ್ಲಿ ಎದ್ದು ಬರುತ್ತಾಳೆ ಎಂದು ನಾನು ನಮ್ಮಿಬ್ಬರ ಕಚೇರಿಯಲ್ಲಿ ಅವಳ ಮೇಜನ್ನು ಒರೆಸಿ ಇಟ್ಟಿದ್ದೆ. ಈಗಲೂ ಒರೆಸುತ್ತೇನೆ.

ಶಿವಾಜಿನಗರದ ನಿಮ್ಮ ಹೋಟೆಲನ್ನು ಸಂಕಪ್ಪ ಮಾವ ಚೆನ್ನಾಗಿಯೇ ನಡೆಸಿದ್ದಾರೆ. ಸಾಂಬಾರು ಮಾತ್ರ ನಿಮ್ಮ ಕೈಯದಲ್ಲ. ಇದನ್ನು ಎದುರಿಗೇ ಹೇಳಿದ್ದಕ್ಕೆ ಸಂಕಪ್ಪ ಮಾವ ಮುನಿಸಿಕೊಂಡು ನನಗೆ ಎರಡನೇ ಸಲ ಚಟ್ನಿ ಹಾಕಿಸಲಿಲ್ಲ. ನಾನೇನು ಕಡಿಮೆ, ಎದ್ದು ಹೋಗಿ ಬಡಿಸಿಕೊಂಡೆ.

ಈಗ ಮುಖ್ಯ ಸುದ್ದಿ. ಡೆನ್ಮಾರ್ಕಿನ ಒಂದು ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅರ್ಜಿಯೆಂದರೆ ನಮ್ಮಲ್ಲಿ ಪೋರ್ಟ್‌ಫೋಲಿಯೊ. ಇಲ್ಲಿಯವರೆಗೆ ಮಾಡಿದ ಕಟ್ಟಡಗಳ ನಕ್ಷೆ, ಫೋಟೊ ಎಲ್ಲ ಜೋಡಿಸಿ ಒಂದು ಪುಸ್ತಕ ಮಾಡಿ ಕಳಿಸಬೇಕು. ನಮ್ಮ ಕಾಲೇಜಿನಲ್ಲಿ ಒಂದು ವರ್ಷ ಮುಂದಿದ್ದ ಸ್ವಪ್ನಿಲ್ ಈಗ ಆ ಕಚೇರಿಯ ಊರಿನಲ್ಲೇ ಇದ್ದಾನೆ. ಅವನಿಗೆ ಮೊದಲು ತೋರಿಸಿದೆ. ಎಲ್ಲ ಹೊಗಳಿ ಕೊನೆಗೆ ಒಂದು ಮಾತು ಹೇಳಿದ: “ಆ ಹೆಂಗಸನ್ನ ಎಲ್ಲಾ ಕಡೆಯಿಂದ ತಗದ ಹಾಕ್, ಶೈಲೂ. ಇಲ್ಲಿ ಮಂದಿಗೆ ಆಕಿ ಯಾರಂತ ತಿಳಿಯೂದಿಲ್ಲ.”

ಆ ಹೆಂಗಸು ನೀವು, ಕಾಕೂ.

ನಿಮಗೆ ನೆನಪಿದೆಯಲ್ಲ. ಬಾಗಿಲು ಎಷ್ಟು ಎತ್ತರ, ಕಟ್ಟೆ ಎಷ್ಟು ಎತ್ತರ ಎಂದು ನೋಡುವವರಿಗೆ ತಿಳಿಯಲೆಂದು ನಕ್ಷೆಯಲ್ಲಿ ಒಂದು ಮನುಷ್ಯನ ಚಿತ್ರ ನಿಲ್ಲಿಸುವುದು ನಮ್ಮ ಪದ್ಧತಿ. ಉಳಿದವರು ಕಂಪ್ಯೂಟರಿನಲ್ಲಿ ಸಿಗುವ ಯಾವುದೋ ಎತ್ತರದ ಗಂಡಸನ್ನು ಅಂಟಿಸುತ್ತಾರೆ. ಅಪೇಕ್ಷಾ ನಿಮ್ಮನ್ನೇ ಅಳತೆ ಹಿಡಿದು ಬಿಡಿಸಿದಳು. ಸೆರಗು ಸಿಕ್ಕಿಸಿ, ಎಡಗೈ ಸೊಂಟದ ಮೇಲಿಟ್ಟು. ಮೊದಲ ಸಲ ತೋರಿಸಿದಾಗ ನೀವು “ಎಂತದೇ ಇದು, ನನ್ನ ಸೊಂಟ ಇಷ್ಟು ಅಗಲ ಉಂಟಾ?” ಎಂದು ಅವಳ ಬೆನ್ನಿಗೆ ಗುದ್ದಿದ್ದಿರಿ. ಸುಳ್ಳು ಅಳತೆ ಹಾಕಿದರೆ ಕಟ್ಟಡ ಬೀಳುತ್ತದೆ ಎಂದು ಅವಳು ನಕ್ಕಿದ್ದಳು.

ನನಗೆ ಕೆಲಸ ಬೇಕಿತ್ತು ಕಾಕೂ, ಮುಚ್ಚಿಡುವುದೇನಿದೆ. ಸ್ವಪ್ನಿಲ್ ಹೇಳಿದಂತೆ ಒಂದಿಡೀ ಭಾನುವಾರ ಕೂತು ಪ್ರತಿ ಪುಟದಿಂದಲೂ ನಿಮ್ಮನ್ನು ಅಳಿಸಿದೆ. ಹಾಸ್ಟೆಲಿನ ಅಡುಗೆಮನೆ, ಕಾತ್ರಜದ ಬಾಲವಾಡಿ, ನಮ್ಮ ಹಳೇ ವಾಡೆ ಮನೆಯ ಮೆಟ್ಟಿಲು, ಎಲ್ಲ ಕಡೆಯಿಂದ. ಸೋಮವಾರ ಕಚೇರಿಗೆ ಬಂದು ಕಂಪ್ಯೂಟರಿನಲ್ಲಿ ಪುಸ್ತಕ ತೆರೆದರೆ ನೀವು ಎಲ್ಲ ಪುಟಗಳಲ್ಲೂ ಇದ್ದಿರಿ. ಅದೇ ಸೆರಗು, ಅದೇ ಎಡಗೈ. ಹಗಲು ಹೊತ್ತು, ಕೆಳಗೆ ಟ್ಯೂಷನ್ ಕ್ಲಾಸಿನ ಹುಡುಗರ ಗಲಾಟೆ, ಆದರೂ ನನಗೆ ಹೆದರಿಕೆಯಾಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟೆ.

ಆಮೇಲೆ ಕಾರಣ ತಿಳಿಯಿತು. ನಿಮ್ಮ ಚಿತ್ರವನ್ನು ಅವಳು ಪ್ರತಿ ನಕ್ಷೆಯಲ್ಲಿ ಬೇರೆ ಬೇರೆ ಬಿಡಿಸಿರಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಒಂದೇ ಮೂಲ ಚಿತ್ರ ಇಟ್ಟು ಎಲ್ಲದಕ್ಕೂ ಜೋಡಿಸಿದ್ದಾಳೆ. ನಾನು ಪುಟದ ಮೇಲೆ ಎಷ್ಟು ಅಳಿಸಿದರೂ, ಪುಸ್ತಕ ತೆರೆದಾಗ ಅದು ಮೂಲದಿಂದ ಮತ್ತೆ ಬಂದು ನಿಲ್ಲುತ್ತದೆ. ನಮ್ಮ ಕೆಲಸದಲ್ಲಿ ಇದು ಮಾಮೂಲು, ನನಗೆ ಮೊದಲೇ ಹೊಳೆಯಬೇಕಿತ್ತು. ಕಾರಣ ತಿಳಿದ ಮೇಲೂ ಭಯ ಹೋಗಲಿಲ್ಲ ನೋಡಿ.

ಆ ಮೂಲವನ್ನು ತೆಗೆಯಲೆಂದೇ ಅವಳ ಕಂಪ್ಯೂಟರ್ ಹಚ್ಚಿದೆ. ನೋಡಿದರೆ, ಕಾಕೂ, ಅವಳು ವರ್ಷವರ್ಷವೂ ನಿಮ್ಮನ್ನು ತಿದ್ದಿದ್ದಾಳೆ. ಕಣ್ಣಿನ ಆಪರೇಷನ್ ಆದ ವರ್ಷ ಕನ್ನಡಕ ಬಂದಿದೆ. ತುರುಬು ಸಣ್ಣದಾಗಿದೆ. ಹೋದ ವರ್ಷ ಮೊಣಕಾಲು ಹಿಡಿದಿತ್ತಲ್ಲ, ಆ ಕಾಲನ್ನು ಒಂಚೂರು ಬಾಗಿಸಿದ್ದಾಳೆ. ಇಲ್ಲಿ ತಿದ್ದಿದರೆ ಅಲ್ಲಿ ಎಲ್ಲ ನಕ್ಷೆಗಳಲ್ಲೂ ಬದಲಾಗುತ್ತದೆ. ಹಾಗಾಗಿ ನಾವು ಕಾಲೇಜಿನಲ್ಲಿ ಮಾಡಿದ ಮೊದಲ ಕಟ್ಟಡದಲ್ಲೂ ನೀವು ಈಗ ಕುಂಟುತ್ತಾ ನಿಂತಿದ್ದೀರಿ. ಇನ್ನು ನಿಮ್ಮನ್ನು ತಿದ್ದುವವರು ಯಾರು? ಅವಳ ಮೇಜಿನ ಮುಂದೆ ಕೂತು ಜೋರಾಗಿ ಅತ್ತೆ. ಇಷ್ಟು ದಿನ ಬಾರದ ಅಳು ಅವತ್ತು ಬಂತು.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ನಮ್ಮ ಗೌರಾಬಾಯಿ ಗೊತ್ತಲ್ಲ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. “ನಿಂತಾಕಿನ್ನ ಹೊರಗ ಹಾಕಬಾರದವಾ,” ಅಂದಳು. “ಇರ್ಲಿ ಬಿಡು, ಆಕಿ ಎಷ್ಟ ಜಾಗಾ ಹಿಡೀತಾಳ?”

ಇಟ್ಟುಕೊಂಡೆ. ಪ್ರತಿ ಪುಟದ ಕೆಳಗೆ ‘ವಿನ್ಯಾಸ ಇಬ್ಬರದು, ರೇಖಾಚಿತ್ರ ಅಪೇಕ್ಷಾಳದು’ ಎಂದು ಅವರಿಗೆ ತಿಳಿಯುವಂತೆ ಬರೆದು ಕಳಿಸಿದೆ. ಕೆಲಸ ಹೋದರೆ ಹೋಗಲಿ ಎಂದು ಸ್ವಪ್ನಿಲ್‌ಗೂ ಹೇಳಿಬಿಟ್ಟೆ. ಆದರೆ ಅವರು ವಿಡಿಯೊದಲ್ಲಿ ಮಾತಾಡಿಸಿದರು, ಮೊನ್ನೆ ಒಪ್ಪಿಗೆಯೂ ಬಂತು. ಸೆಪ್ಟೆಂಬರಿಗೆ ಹೊರಡಬೇಕು. ನಾನಿನ್ನೂ ಹೂಂ ಅಂದಿಲ್ಲ. ಇದರಲ್ಲಿ ಅರ್ಧ ಅವಳದು. ಅವಳಿಲ್ಲದ ಮೇಲೆ ನೀವು ಹೇಳಬೇಕು. ನೀವು ‘ಹೋಗು’ ಅಂದರೆ ಹೋಗುತ್ತೇನೆ, ಬೇಡ ಅಂದರೆ ಇಲ್ಲೇ ಇರುತ್ತೇನೆ. ಮುಲಾಜು ಬೇಡ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಮಳೆಯಲ್ಲಿ ಬಾವಿಕಟ್ಟೆಯ ಕಡೆ ಹೋಗಬೇಡಿ. ಅವ್ವ ನಿಮ್ಮನ್ನು ಭಾಳ ನೆನೆಸುತ್ತಾಳೆ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿಮ್ಮ ಎರಡನೇ ಮಗಳು,
ಶೈಲಶ್ರೀ

ತಾ.ಕ.: ಒಂದು ಮಾತು ಬರೆಯದೆ ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ಪುಸ್ತಕದಲ್ಲಿ ಅವಳ ಹೆಸರಿಗೆ ದಿವಂಗತ ಎಂದು ಸೇರಿಸಲು ನನ್ನ ಕೈ ಏಳಲಿಲ್ಲ. ಹಾಗಾಗಿ ವಿಡಿಯೊದಲ್ಲಿ ಆ ಕಚೇರಿಯ ಮುಖ್ಯಸ್ಥೆ ಕೇಳಿದಳು, ಈ ಚಿತ್ರ ಬರೆದವಳೂ ಬರುತ್ತಾಳಾ, ನಮ್ಮಲ್ಲಿ ಇಬ್ಬರಿಗೂ ಜಾಗವಿದೆ ಎಂದು. ಇದ್ದದ್ದನ್ನು ಹೇಳಲು ಬಾಯಿ ತೆರೆದೆ. “ಇಲ್ಲ, ಅವಳು ಬರುವುದಿಲ್ಲ, ಅಮ್ಮನನ್ನು ಬಿಟ್ಟು ಎಲ್ಲಿಗೂ ಹೋಗುವವಳಲ್ಲ,” ಅಂದುಬಿಟ್ಟೆ. ಆಕೆ ನಂಬಿದಳು. ಅವಳನ್ನು ಕೇಳಿದೆವೆಂದು ಹೇಳಿ ಅಂದಳು, ಹೇಳುತ್ತೇನೆ ಅಂದೆ. ಆಮೇಲೆ ಎಷ್ಟು ಹಗುರಾಯಿತು ಕಾಕೂ, ಎಷ್ಟೋ ದಿನಗಳ ಮೇಲೆ. ಕಿಟಕಿಯಿಂದ ಬಗ್ಗಿ ಕೆಳಗಿನ ಪ್ರಲ್ಹಾದನಿಗೆ ಚಹಾ ಹೇಳಿದೆ. ಅವನು ಎರಡು ಕಪ್ಪು ತಂದ. ‘ಎರಡು’ ಎಂದವಳು ನಾನೇ ಅಂತೆ.